ಗಾಜಿನ ಮನೆಯ ಗಿಡಗಳು ಕಲಿಸಿದ ಪಾಠ

(ಶತಮಾನೋತ್ಸವದ ಅಂಗವಾಗಿ ಶಾಲೆಯ ಹಿತ್ತಲಿನ ಸಸ್ಯಮನೆಯನ್ನು ಮಕ್ಕಳಿಗೆ ಒಪ್ಪಿಸಿದ ದಿನ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಠ್ಯ)



ಶತಮಾನೋತ್ಸವದ ಮೊದಲ ಸಭೆ ಸೇರಿದ ದಿನ ಹಳೆಯ ವಿದ್ಯಾರ್ಥಿಯೊಬ್ಬರು ಎದ್ದು ನಿಂತು ಒಂದು ಮಾತು ಹೇಳಿದ್ದರು. ಅವರು ಈ ಶಾಲೆಯನ್ನು ಪ್ರೀತಿಸುವವರು. ಕಟ್ಟಡದ ದುರಸ್ತಿಗೆ ಕೈಬಿಚ್ಚಿ ಕೊಟ್ಟವರು. ಅವರೆಂದರು: “ಗೋವೆಯಲ್ಲಿ ಕನ್ನಡ ಶಾಲೆಯೆಂದರೆ ಗಾಜಿನ ಮನೆಯ ಗಿಡ. ಹೊರಗಿನ ಗಾಳಿ ತಾಗಿದರೆ ಬಾಡಿಹೋಗುತ್ತದೆ. ನೂರು ವರ್ಷ ಸಾಕಿದ್ದಾಯಿತು. ಇನ್ನಾದರೂ ಮಾಧ್ಯಮ ಬದಲಿಸಿ, ಮಕ್ಕಳನ್ನು ಬಯಲಿಗೆ ಬಿಡಬಾರದೇ?” ಸಭೆಯಲ್ಲಿ ಕೆಲವರು ತಲೆದೂಗಿದರು, ಕೆಲವರು ಸಿಟ್ಟಾದರು. ನಾವು ಆ ದಿನ ಉತ್ತರ ಕೊಡಲಿಲ್ಲ. ಒಂದನೆಯ ತರಗತಿಗೆ ಸೇರುವ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದನ್ನು ದಾಖಲಾತಿ ಪುಸ್ತಕದಲ್ಲಿ ಕಾಣುತ್ತಿರುವ ನಮಗೆ, ಸಿಟ್ಟಿನ ಉತ್ತರ ಕೊಡುವ ಹಕ್ಕು ಇರಲಿಲ್ಲ.

ಆ ಮಾತು ಮಾತ್ರ ನಮ್ಮ ಜೊತೆಯಲ್ಲೇ ಉಳಿಯಿತು. ಗಾಜಿನ ಮನೆ ಎಂದರೇನು? ಅದರಲ್ಲಿ ಗಿಡವನ್ನು ಏಕೆ ಇಡುತ್ತಾರೆ? ಹೇಗೆ ಉಳಿಸುತ್ತಾರೆ? ಇವನ್ನು ಅರಿಯದೆ ಆ ಹೋಲಿಕೆಯನ್ನು ಒಪ್ಪುವುದೂ ಸಲ್ಲ, ತಳ್ಳುವುದೂ ಸಲ್ಲ ಎನಿಸಿತು. ಕಳೆದ ಎರಡು ವರ್ಷ ನಾವೂ ಮಕ್ಕಳೂ ಸೇರಿ ಓದಿದ್ದನ್ನು, ಮಾಡಿ ಕೆಟ್ಟದ್ದನ್ನು, ಕೆಟ್ಟು ಕಲಿತದ್ದನ್ನು ಈ ದಿನ ತಮ್ಮ ಮುಂದೆ ಇಡಬಯಸುತ್ತೇವೆ.

ಕಥೆ ನಮ್ಮ ಗೋವೆಯಿಂದಲೇ ಆರಂಭವಾಗುತ್ತದೆ. ಪಣಜಿಯ ಚರ್ಚಿನ ಮುಂದಿನ ಉದ್ಯಾನಕ್ಕೆ ಗಾರ್ಸಿಯಾ ದ ಓರ್ತಾ ಎಂಬ ಹೆಸರಿರುವುದನ್ನು ತಾವೆಲ್ಲ ಬಲ್ಲಿರಿ. ಆತ 1534ರಲ್ಲಿ ಗೋವೆಗೆ ಬಂದ ಪೋರ್ಚುಗೀಸ್ ವೈದ್ಯ. ಈ ನೆಲದ ಮೂಲಿಕೆ, ಸಾಂಬಾರ ಪದಾರ್ಥ, ಹಣ್ಣುಹಂಪಲುಗಳನ್ನು ಕುರಿತು ಆತ ಸಂಭಾಷಣೆಯ ರೂಪದಲ್ಲಿ ಬರೆದ ಗ್ರಂಥ 1563ರಲ್ಲಿ ಗೋವೆಯಲ್ಲಿಯೇ ಅಚ್ಚಾಯಿತು. ನಾಲ್ಕೇ ವರ್ಷಗಳಲ್ಲಿ ಅದರ ಲ್ಯಾಟಿನ್ ಸಂಗ್ರಹ ಯುರೋಪಿನಲ್ಲಿ ಹೊರಬಂದು, ಅಲ್ಲಿಯ ವಿದ್ವಾಂಸರು ಮಾವು, ಹಲಸು, ಮೆಣಸು, ಏಲಕ್ಕಿಗಳ ವಿಷಯವನ್ನು ವಿವರವಾಗಿ ಓದುವಂತಾಯಿತು. ಓದಿದವರಿಗೆ ಕಾಣುವ ಆಸೆ. ಆದರೆ ಕಾಣುವುದು ಸುಲಭವಾಗಿರಲಿಲ್ಲ. ಹಡಗಿನ ಅಟ್ಟದ ಮೇಲೆ ತಿಂಗಳುಗಟ್ಟಲೆ ಉಪ್ಪುಗಾಳಿ, ಬಿಸಿಲು, ಸಿಹಿನೀರಿನ ಕೊರತೆ. ಜೀವಂತ ಗಿಡಗಳಲ್ಲಿ ಬಹುಪಾಲು ದಾರಿಯಲ್ಲೇ ಸಾಯುತ್ತಿದ್ದವು. ಉಳಿದು ತಲುಪಿದವು ಅಲ್ಲಿಯ ಮೊದಲ ಚಳಿಗಾಲದಲ್ಲಿ ಸಾಯುತ್ತಿದ್ದವು.

ದಾರಿಯ ಸಾವನ್ನು ತಪ್ಪಿಸಿದವನು ನಥಾನಿಯಲ್ ವಾರ್ಡ್ ಎಂಬ ಲಂಡನ್ನಿನ ವೈದ್ಯ. 1829ರಲ್ಲಿ ಆತ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಡನೆ ಬಾಟಲಿಯಲ್ಲಿ ಮುಚ್ಚಿ ಇಟ್ಟಿದ್ದ. ಪತಂಗದ ದಾರಿ ಕಾಯುತ್ತಿದ್ದವನಿಗೆ ಕಂಡದ್ದು ಮಣ್ಣಿನಿಂದ ಮೊಳೆತ ಜರಿಗಿಡ. ಹೊಗೆ ತುಂಬಿದ ಲಂಡನ್ನಿನ ಹಿತ್ತಲಲ್ಲಿ ಬದುಕದ ಜರಿಗಿಡ ಬಾಟಲಿಯೊಳಗೆ ಬದುಕಿತ್ತು. ಹಗಲಿನಲ್ಲಿ ಆವಿಯಾದ ನೀರು ರಾತ್ರಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೆ ಇಳಿಯುತ್ತಿತ್ತು. ಇದನ್ನು ಕಂಡ ಆತ ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿ, 1833ರಲ್ಲಿ ಗಿಡಗಳನ್ನು ತುಂಬಿ ಸಿಡ್ನಿಗೆ ಕಳುಹಿಸಿದ. ಗಿಡಗಳು ಜೀವಂತವಾಗಿ ಮುಟ್ಟಿದವು. ಮುಂದೆ ಚೀನಾದ ಚಹಾ ಗಿಡ ಹಿಮಾಲಯದ ತಪ್ಪಲಿಗೆ ಬಂದದ್ದು ಇಂತಹ ಪೆಟ್ಟಿಗೆಗಳಲ್ಲಿಯೇ. ಆ ಪೆಟ್ಟಿಗೆಗಳು ಸಾಮ್ರಾಜ್ಯದ ವ್ಯಾಪಾರಕ್ಕೆ ದುಡಿದವು, ಒಂದು ನಾಡಿನ ಸಂಪತ್ತನ್ನು ಇನ್ನೊಂದು ನಾಡಿಗೆ ಒಯ್ದವು ಎಂಬುದನ್ನೂ ನಾವು ಮರೆಯಬಾರದು.

ಚಳಿಗಾಲದ ಸಾವನ್ನು ತಪ್ಪಿಸಲು ಕಟ್ಟಿದ್ದೇ ದೊಡ್ಡ ಗಾಜಿನ ಮನೆಗಳು. ಲಂಡನ್ ಸಮೀಪದ ಕ್ಯೂ ಸಸ್ಯೋದ್ಯಾನದ ತಾಳೆಮನೆ 1844ರಲ್ಲಿ ಆರಂಭವಾಗಿ 1848ರಲ್ಲಿ ಮುಗಿಯಿತು. ಕಬ್ಬಿಣದ ಪಕ್ಕೆಲುಬುಗಳು, ಅವುಗಳ ನಡುವೆ ಸಾವಿರಾರು ಗಾಜಿನ ಹಲಗೆಗಳು. ನೆಲದಡಿಯಲ್ಲಿ ಕಲ್ಲಿದ್ದಲಿನ ಒಲೆ, ಬಿಸಿನೀರಿನ ಕೊಳವೆಗಳು. ಹೊಗೆಯಿಂದ ಗಾಜು ಮಸುಕಾಗಬಾರದೆಂದು ಸುರಂಗದ ಮೂಲಕ ಅದನ್ನು ದೂರದ ಗೋಪುರಕ್ಕೆ ಒಯ್ಯುವ ವ್ಯವಸ್ಥೆ. ಹೊರಗೆ ಹಿಮ ಬೀಳುತ್ತಿರುವಾಗ ಒಳಗೆ ತೆಂಗು, ಬಾಳೆ, ಕೋಕೋ. ಒಂದು ರಾತ್ರಿ ಒಲೆ ಆರಿದರೆ ದಶಕಗಳ ಶ್ರಮ ಬೆಳಗಾಗುವುದರೊಳಗೆ ಕರಗಿಹೋಗಬಹುದಾಗಿತ್ತು. ಆದ್ದರಿಂದ ಅಲ್ಲಿಯ ಗಾಜಿನ ಮನೆಯ ಮೊದಲ ನಿಯಮ ರಾತ್ರಿಯ ಪಾಳಿ. ಯಾರಾದರೊಬ್ಬರು ಎಚ್ಚರವಿರಲೇಬೇಕು.

ನಮ್ಮ ನಾಡಿನ ಗಾಜಿನ ಮನೆಯೆಂದರೆ ಬೆಂಗಳೂರಿನ ಲಾಲ್‌ಬಾಗಿನದು. ಹೈದರ್ ಅಲಿ 1760ರಲ್ಲಿ ಆರಂಭಿಸಿದ ತೋಟ ಅದು. ಉದ್ಯಾನದ ಅಧೀಕ್ಷಕರಾಗಿದ್ದ ಜಾನ್ ಕ್ಯಾಮರಾನ್ ಅವರ ಕಾಲದಲ್ಲಿ, 1889ರ ನವೆಂಬರ್ 30ರಂದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದರ ಅಡಿಗಲ್ಲು ಇಟ್ಟರು. ಲಂಡನ್ನಿನಲ್ಲಿ 1851ರ ಮಹಾಪ್ರದರ್ಶನಕ್ಕೆ ಜೋಸೆಫ್ ಪ್ಯಾಕ್ಸ್‌ಟನ್ ರೂಪಿಸಿದ ಸ್ಫಟಿಕ ಅರಮನೆಯೇ ಅದಕ್ಕೆ ಮಾದರಿ. ನಮ್ಮ ಮಕ್ಕಳು ಪ್ರವಾಸದಲ್ಲಿ ಅದನ್ನು ಕಂಡಾಗ ಒಬ್ಬ ಹುಡುಗ ಕೇಳಿದ: “ಟೀಚರ್, ಇದು ಗಾಜಿನ ಮನೆಯಾದರೆ ಸುತ್ತ ಏಕೆ ಇಷ್ಟು ತೆರೆದಿದೆ?” ಒಳ್ಳೆಯ ಪ್ರಶ್ನೆ. ಬೆಂಗಳೂರಿಗೆ ಹಿಮವಿಲ್ಲ. ಅಲ್ಲಿ ಶಾಖವನ್ನು ಕೂಡಿಡುವ ಅಗತ್ಯವಿಲ್ಲ. ಮೇಲೆ ಗಾಜು ಬೆಳಕು ಕೊಡುತ್ತದೆ, ಮಳೆ ತಡೆಯುತ್ತದೆ. ಕೆಳಗೆ ಗಾಳಿ ಸರಾಗವಾಗಿ ಹರಿಯುತ್ತದೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಫಲಪುಷ್ಪ ಪ್ರದರ್ಶನಕ್ಕೆ ಅದೇ ಸಭಾಂಗಣ. ರೂಪವನ್ನು ಬೇರೆ ನಾಡಿನಿಂದ ತಂದರೂ ಕೆಲಸವನ್ನು ಈ ನಾಡಿನ ಹವೆಗೆ ಹೊಂದಿಸಿಕೊಂಡರು. ಆ ವಿವೇಕ ನಮಗೆ ಆ ದಿನ ತಿಳಿಯಲಿಲ್ಲ. ತಿಳಿದಿದ್ದರೆ ಮುಂದಿನ ಪ್ರಮಾದ ನಡೆಯುತ್ತಿರಲಿಲ್ಲ.

ಪ್ರವಾಸದಿಂದ ಮರಳಿದ ಉತ್ಸಾಹದಲ್ಲಿ ನಮ್ಮ ಶಾಲೆಗೂ ಒಂದು ಗಾಜಿನ ಮನೆ ಬೇಕೆಂದು ನಿರ್ಧರಿಸಿದೆವು. ಗಾಜಿಗೆ ಹಣ ಸಾಲದು. ಪಾರದರ್ಶಕ ಪ್ಲಾಸ್ಟಿಕ್ ತಗಡುಗಳನ್ನು ತರಿಸಿದೆವು. ಹಿತ್ತಲಿನ ಪಡುವಣ ಮೂಲೆಯಲ್ಲಿ, ನಾಲ್ಕೂ ಕಡೆ ಭದ್ರವಾಗಿ ಮುಚ್ಚಿ, ಒಂದೇ ಬಾಗಿಲಿಟ್ಟು ಕಟ್ಟಿಸಿದೆವು. ಚಿತ್ರದಲ್ಲಿ ಕಂಡಂತೆಯೇ ಆಯಿತೆಂದು ಹೆಮ್ಮೆಪಟ್ಟೆವು. ಮಕ್ಕಳು ಮನೆಯಿಂದ ಜರಿಗಿಡ, ಆಂಥೂರಿಯಂ, ಕೆಸುವಿನ ಜಾತಿಯ ಬಣ್ಣದೆಲೆಯ ಗಿಡಗಳನ್ನು ತಂದರು. ಹಿಂದಿನ ಮಳೆಗಾಲದಲ್ಲಿ ಮಾವಿನ ಕೊಂಬೆಯೊಂದು ಮುರಿದು ಬಿದ್ದಾಗ ಅದರೊಡನೆ ದೊರೆತಿದ್ದ ಸೀತಾಳೆ ದಂಡೆಯೂ ಅವುಗಳಲ್ಲಿ ಒಂದು. ಅದನ್ನು ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಂದಿದ್ದಳು. ಕುಂಡದಲ್ಲಿ ಕೆಮ್ಮಣ್ಣು ತುಂಬಿ ಅದನ್ನು ನೆಟ್ಟು, ದಿನಕ್ಕೆ ಎರಡು ಹೊತ್ತು ನೀರೆರೆಯಿರೆಂದು ನಾವೇ ಹೇಳಿದೆವು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ವಿಜ್ಞಾನ ಕೊಠಡಿಯ ಉಷ್ಣಮಾಪಕವನ್ನು ಒಳಗಿಟ್ಟು ನೋಡಿದಾಗ ಪಾದರಸ 46 ಡಿಗ್ರಿಯನ್ನು ದಾಟಿತ್ತು. ಜರಿಗಿಡಗಳು ಸುಟ್ಟ ಕಾಗದದಂತಾಗಿದ್ದವು. ಸೀತಾಳೆಯ ಬೇರು ಕೊಳೆತು, ಮುಟ್ಟಿದರೆ ಕೈಗೆ ಬರುತ್ತಿತ್ತು. ಆ ಹುಡುಗಿ ಅಳಲಿಲ್ಲ. “ಮರದ ಮೇಲೆ ಚೆನ್ನಾಗಿತ್ತು ಟೀಚರ್, ನಾವು ಏನು ತಪ್ಪು ಮಾಡಿದೆವು?” ಎಂದು ಮಾತ್ರ ಕೇಳಿದಳು. ಮೂವತ್ತು ವರ್ಷಗಳ ಬೋಧನೆಯಲ್ಲಿ ನಮ್ಮನ್ನು ಇಷ್ಟು ನಿರುತ್ತರಗೊಳಿಸಿದ ಪ್ರಶ್ನೆಗಳು ಹೆಚ್ಚಿಲ್ಲ.

ಉತ್ತರ ಕೊಟ್ಟವರು ನಮ್ಮ ಪಾಲಕರಲ್ಲೇ ಒಬ್ಬರು. ಗದಗ ಕಡೆಯಿಂದ ಬಂದು ಇಲ್ಲಿಯ ಹೋಟೆಲೊಂದರ ತೋಟದಲ್ಲಿ ಮಾಲಿಯಾಗಿರುವವರು. ಪಾಲಕರ ಸಭೆಗೆ ಬಂದವರು ಹಿತ್ತಲಿಗೆ ಹೋಗಿ ನೋಡಿ, ನಕ್ಕು ಹೇಳಿದರು: “ಮನಿ ಚಲೋ ಕಟ್ಟೀರಿ ಅಕ್ಕೋರ, ಆದ್ರ ಗಾಳಿಗೆ ಹಾದೀನ ಬಿಟ್ಟಿಲ್ಲಲ್ರಿ.” ಗಾಜಿನೊಳಗೆ ಬಂದ ಬಿಸಿಲು ನೆಲವನ್ನೂ ಗಿಡವನ್ನೂ ಕಾಯಿಸುತ್ತದೆ; ಕಾದ ಗಾಳಿಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಅದು ಒಳಗೇ ಕುದಿಯುತ್ತದೆ. ಹಿಮದ ನಾಡಿನಲ್ಲಿ ವರವಾದದ್ದು ಕಡಲ ಕರೆಯ ನಾಡಿನಲ್ಲಿ ಶಾಪವಾಗುತ್ತದೆ. ಅವರ ಸಲಹೆಯಂತೆ ಗೋಡೆಯ ತಗಡುಗಳನ್ನು ತೆಗೆದೆವು. ಚಾವಣಿಗೆ ಅರ್ಧ ಬೆಳಕನ್ನು ತಡೆಯುವ ಹಸಿರು ನೆರಳುಬಲೆ ಹೊದಿಸಿದೆವು. ನೆತ್ತಿಯಲ್ಲಿ ಉದ್ದಕ್ಕೂ ಬಿಸಿಗಾಳಿ ಹೋಗಲು ಸಂದು ಬಿಟ್ಟೆವು. ಈ ದಿನ ತಾವು ನೋಡುತ್ತಿರುವುದು ಆ ಎರಡನೆಯ ಮನೆ. ಅದರಲ್ಲಿ ಗಾಜೇ ಇಲ್ಲ. ಆದರೂ ಮಕ್ಕಳು ಅದನ್ನು ಗಾಜಿನ ಮನೆ ಎಂದೇ ಕರೆಯುತ್ತಾರೆ.

ಆ ಪಾಲಕರು ವಾರಕ್ಕೊಮ್ಮೆ ಬಂದು ಮಕ್ಕಳಿಗೆ ಕಲಿಸಿದ ಕೆಲಸಗಳನ್ನು ಇಲ್ಲಿ ಸಂಗ್ರಹವಾಗಿ ಹೇಳುವುದು ಉಚಿತ. ಮನೆಯಲ್ಲಿ ಗಿಡ ಬೆಳೆಸುವವರಿಗೂ ಇವು ನೆರವಾಗಬಹುದು.

ಮೊದಲನೆಯದು ನೀರು. ಕುಂಡದ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಹೆಚ್ಚು. ಬೇರಿಗೂ ಉಸಿರು ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು. ಗಡಿಯಾರ ನೋಡಿ ನೀರೆರೆಯಬಾರದು, ಗಿಡ ನೋಡಿ ಎರೆಯಬೇಕು. ಸೀತಾಳೆಯಂತಹವು ಮರದ ತೊಗಟೆಯನ್ನು ಅಪ್ಪಿ, ಗಾಳಿಯ ತೇವವನ್ನೂ ಮಳೆಹನಿಯನ್ನೂ ಹೀರಿ ಬದುಕುವ ಗಿಡಗಳು. ಮರದ ರಸವನ್ನು ಅವು ಕದಿಯುವುದಿಲ್ಲ. ಬಂದಳಿಕೆಯ ಜಾತಿ ಅದಲ್ಲ. ಅವಕ್ಕೆ ಮಣ್ಣು ಬೇಡ. ಇದ್ದಿಲು, ಹೆಂಚಿನ ಚೂರು, ತೆಂಗಿನ ಸಿಪ್ಪೆ ಸಾಕು.

ಎರಡನೆಯದು ಗಾಳಿಯ ತೇವ. ಮಳೆಗಾಡಿನ ಗಿಡಗಳಿಗೆ ಬೇರಿನ ನೀರಿನಂತೆ ಎಲೆಯ ಸುತ್ತಲಿನ ತೇವವೂ ಮುಖ್ಯ. ಸಸ್ಯೋದ್ಯಾನಗಳಲ್ಲಿ ಬೇಸಗೆಯ ದಿನ ಗಿಡಕ್ಕೆ ನೀರು ಹಾಕದೆ ನಡೆಯುವ ದಾರಿಗೂ ನೆಲಕ್ಕೂ ನೀರು ಚಿಮುಕಿಸುತ್ತಾರೆ. ಅದು ಆವಿಯಾಗುತ್ತಾ ಮನೆಯನ್ನು ತಂಪಾಗಿಯೂ ತೇವವಾಗಿಯೂ ಇಡುತ್ತದೆ. ನಮ್ಮ ಅಜ್ಜಿಯಂದಿರು ಬೇಸಗೆಯ ಸಂಜೆ ಅಂಗಳಕ್ಕೆ ನೀರು ಹಾಕುತ್ತಿದ್ದುದೂ ಇದೇ ಶಾಸ್ತ್ರ.

ಮೂರನೆಯದು ನೆರಳು. ಯುರೋಪಿನ ತೋಟಗಾರರು ಬೇಸಗೆ ಬಂದೊಡನೆ ಗಾಜಿಗೆ ಸುಣ್ಣದಂತಹ ಬಿಳಿಯ ಲೇಪ ಬಳಿದು, ಚಳಿ ಬಂದಾಗ ತೊಳೆಯುತ್ತಿದ್ದರು. ಕ್ಯೂ ತಾಳೆಮನೆಗೆ ಮೊದಲು ಹಾಕಿದ್ದೂ ಹಸಿರು ಛಾಯೆಯ ಗಾಜು. ಬಿಸಿಲಿಗೆ ಎಲೆ ಸುಡಬಾರದೆಂಬ ಭಯದಿಂದ. ಎಷ್ಟು ಬೆಳಕು ಎಂಬುದು ಒಮ್ಮೆ ನಿರ್ಧರಿಸಿ ಕೈತೊಳೆದುಕೊಳ್ಳುವ ಸಂಗತಿಯಲ್ಲ. ಋತು ಬದಲಾದಂತೆ ಬದಲಾಗಬೇಕು.

ನಾಲ್ಕನೆಯದು ಕೀಟ. ಮಳೆ, ಬಿರುಗಾಳಿ, ಹಕ್ಕಿಗಳಿಲ್ಲದ ಮನೆಯಲ್ಲಿ ಗಿಡಕ್ಕೆ ರಕ್ಷಣೆಯಿರುವಂತೆ ಕೀಟಕ್ಕೂ ರಕ್ಷಣೆಯಿದೆ. ಹಿಟ್ಟುತಿಗಣೆ ಒಂದು ಎಲೆಗೆ ಬಂದರೆ ತಿಂಗಳಲ್ಲಿ ಮನೆ ತುಂಬುತ್ತದೆ. ಆದ್ದರಿಂದ ಹೊಸ ಗಿಡವನ್ನು ಕೆಲವು ವಾರ ಬೇರೆಯಾಗಿಟ್ಟು ನೋಡಿದ ಮೇಲೆಯೇ ಒಳಗೆ ಸೇರಿಸಬೇಕು. ವಿಷ ಸಿಂಪಡಿಸುವ ಬದಲು ಕೀಟಕ್ಕೆ ಕೀಟವನ್ನೇ ಬಿಡುವ ಕ್ರಮ ಇಂದಿನ ಸಸ್ಯೋದ್ಯಾನಗಳಲ್ಲಿ ಬಳಕೆಯಲ್ಲಿದೆ. ಹಿಟ್ಟುತಿಗಣೆಯನ್ನು ತಿನ್ನುವ ಆಸ್ಟ್ರೇಲಿಯಾದ ಗುಲಗಂಜಿ ಹುಳುವೊಂದನ್ನು ಕಾಫಿಯ ಕೀಟ ನಿಯಂತ್ರಣಕ್ಕೆಂದು 1898ರಲ್ಲಿಯೇ ನಮ್ಮ ದೇಶಕ್ಕೆ ತಂದಿದ್ದರು. ಇಂದು ಅದು ಕರ್ನಾಟಕದ ತೋಟಗಳಲ್ಲಿ ನೆಲೆನಿಂತಿದೆ.

ಐದನೆಯದು ಜಾಗ. ಗಿಡ ಬೆಳೆಯುತ್ತದೆ, ಮನೆ ಬೆಳೆಯುವುದಿಲ್ಲ. ಕ್ಯೂ ಉದ್ಯಾನದಲ್ಲಿ 1846ರಲ್ಲಿ ಬೀಜದಿಂದ ಬೆಳೆಸಿದ ಚಿಲಿ ದೇಶದ ತಾಳೆಮರವೊಂದಿತ್ತು. ಒಂದೂವರೆ ಶತಮಾನ ಬೆಳೆದು ಅದು ಗಾಜಿನ ಚಾವಣಿಯನ್ನು ಮುಟ್ಟಿತು. ಕೀಳಲೂ ಆಗದು, ಚಾವಣಿ ಎತ್ತರಿಸಲೂ ಆಗದು. ಕೊನೆಗೆ ಆ ಮನೆಯ ಜೀರ್ಣೋದ್ಧಾರದ ಕಾಲದಲ್ಲಿ ಮರವನ್ನು ಕಡಿಯಬೇಕಾಯಿತು. ಅದರ ಬೀಜದ ಸಸಿಗಳು ಮಾತ್ರ ಉಳಿದವು. ಗಾಜಿನ ಮನೆಗೆ ಒಂದು ಮಿತಿಯಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಉದಾಹರಣೆ ನಮಗೆ ಸಿಕ್ಕಲಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಗಿಡವನ್ನು ಏಕೆ ಬೆಳೆಸಬೇಕು? ಬೀಜ ತೆಗೆದಿಟ್ಟರೆ ಸಾಲದೇ? ಮಕ್ಕಳು ಕೇಳಿದ ಈ ಪ್ರಶ್ನೆಯಲ್ಲಿಯೇ ನಮಗೆ ಆ ಹಳೆಯ ವಿದ್ಯಾರ್ಥಿಯವರ ಮಾತಿಗೆ ಉತ್ತರ ದೊರೆಯಿತು.

ನಮ್ಮ ಪಾಲಕರಲ್ಲಿ ಹಲವರ ಹಿರಿಯರು ಉತ್ತರ ಕರ್ನಾಟಕದ ಬಯಲುಸೀಮೆಯವರು. ಅಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ಬರಗಾಲಕ್ಕೂ ಕಾಳು ಸಿಗುತ್ತಿತ್ತು. ಜೋಳ, ರಾಗಿ, ಭತ್ತದ ಬೀಜಗಳು ಒಣಗಿದಷ್ಟೂ ಬಾಳುತ್ತವೆ. ಚೆನ್ನಾಗಿ ಒಣಗಿಸಿ, ಶೂನ್ಯಕ್ಕಿಂತ ಕೆಳಗಿನ ಶೀತದಲ್ಲಿಟ್ಟರೆ ಹಲವು ದಶಕಗಳ ಅನಂತರವೂ ಮೊಳೆಯುತ್ತವೆ. ಹಲಸು, ಮಾವು, ಜಾಯಿಕಾಯಿ, ಕೋಕೋಗಳ ಬೀಜ ಹಾಗಲ್ಲ. ಒಣಗಿಸಿದರೆ ಅವು ಸಾಯುತ್ತವೆ. ಹಲಸಿನ ಬೀಜವನ್ನು ಒಣಗಿಸಿಟ್ಟು ಮುಂದಿನ ವರ್ಷ ನೆಡಲು ಹೋದವರಿಗೆ ಇದು ಗೊತ್ತು. ರಬ್ಬರ್ ಕೂಡ ಇದೇ ಜಾತಿ. 1876ರಲ್ಲಿ ಬ್ರೆಜಿಲ್‌ನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಅವಸರವಸರವಾಗಿ ಕ್ಯೂ ಉದ್ಯಾನಕ್ಕೆ ತಂದು ಗಾಜಿನ ಮನೆಗಳಲ್ಲಿ ಬಿತ್ತಿದರೂ, ನೂರಕ್ಕೆ ನಾಲ್ಕರಷ್ಟು ಮಾತ್ರ ಮೊಳೆತವು.

ನಮ್ಮ ಸತ್ತರಿ ತಾಲೂಕಿನ ಬಾಂಬರ್‌ನಲ್ಲಿ ನಿರಂಕಾರಾಚಿ ರಾಯ್ ಎಂಬ ದೇವರಕಾಡಿದೆ. ಅಲ್ಲಿ ಜೌಗು ನೆಲದಲ್ಲಿ ಜಾಯಿಕಾಯಿಯ ಬಳಗದ ಮರಗಳು ಮೊಣಕಾಲಿನಂತೆ ಬಾಗಿದ ಬೇರುಗಳನ್ನು ನೀರಿನಿಂದ ಮೇಲೆತ್ತಿ ಉಸಿರಾಡುತ್ತವೆ. ಉತ್ತರ ಕನ್ನಡದ ಸಿದ್ದಾಪುರದ ಕತ್ತಲೆಕಾನಿನಲ್ಲಿಯೂ ಅಂತಹುದೇ ಕಾಡಿದೆ. ಆ ಮರಗಳ ಬೀಜವನ್ನು ಪೆಟ್ಟಿಗೆಯಲ್ಲಿಟ್ಟು ಮುಂದಿನ ಪೀಳಿಗೆಗೆ ಕೊಡಲಾಗದು. ಕಾಡು ಉಳಿಯಬೇಕು, ಇಲ್ಲವೇ ಯಾರಾದರೂ ಪ್ರತಿದಿನ ಆ ಗಿಡವನ್ನು ಬೆಳೆಸುತ್ತಿರಬೇಕು. ಮೂರನೆಯ ದಾರಿಯಿಲ್ಲ.

ಭಾಷೆ ಜೋಳದ ಜಾತಿಯೋ ಹಲಸಿನ ಜಾತಿಯೋ? ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ಅದರ ಮರುಮುದ್ರಣವಿದೆ. ಅದು ಅಮೂಲ್ಯವಾದ ಹಗೇವು. ಆದರೆ ಮಗುವೊಂದು ಜ್ವರದಲ್ಲಿ ತಾಯಿಯನ್ನು ಕರೆಯುವ ಮಾತು, ಜಗಳದಲ್ಲಿ ಬಳಸುವ ಮಾತು, ಲೆಕ್ಕ ತಪ್ಪಿದಾಗ ತನ್ನಲ್ಲೇ ಗೊಣಗಿಕೊಳ್ಳುವ ಮಾತು ಕಪಾಟಿನಲ್ಲಿ ಉಳಿಯುವುದಿಲ್ಲ. ಅದನ್ನು ದಿನವೂ ಬೆಳೆಸಬೇಕು. ಒಂದು ಪೀಳಿಗೆ ಒಣಗಲು ಬಿಟ್ಟರೆ ಮುಂದಿನ ಪೀಳಿಗೆ ಬಿತ್ತಿದರೂ ಮೊಳೆಯುವುದು ನೂರಕ್ಕೆ ನಾಲ್ಕು.

ಇಲ್ಲಿ ಒಬ್ಬ ಶಿಕ್ಷಕರ ಕಥೆ ಹೇಳಲೇಬೇಕು. ಹಿಂದೂ ಮಹಾಸಾಗರದಲ್ಲಿ ಮಾರಿಷಸ್‌ಗೆ ಸೇರಿದ ರೋಡ್ರಿಗಸ್ ಎಂಬ ಪುಟ್ಟ ದ್ವೀಪವಿದೆ. ಕಾಫಿಯ ಬಳಗಕ್ಕೆ ಸೇರಿದ, ಬಿಳಿ ನಕ್ಷತ್ರದಂತಹ ಹೂವಿನ ಕಾಫೆ ಮಾರೋಂ ಎಂಬ ಗಿಡ ಆ ದ್ವೀಪದಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ. ಅಲ್ಲಿಯೂ ಅಳಿದುಹೋಯಿತೆಂದೇ ಎಲ್ಲರೂ ನಂಬಿದ್ದರು. 1980ರ ಸುಮಾರಿಗೆ ಅಲ್ಲಿಯ ಶಾಲೆಯ ಶಿಕ್ಷಕರೊಬ್ಬರು ಹಳೆಯ ಚಿತ್ರವೊಂದನ್ನು ತರಗತಿಯಲ್ಲಿ ತೋರಿಸಿ, ದ್ವೀಪದ ಅಪರೂಪದ ಗಿಡಗಳನ್ನು ಹುಡುಕುವಂತೆ ಮಕ್ಕಳಿಗೆ ಹೇಳಿದರು. ಒಬ್ಬ ಹುಡುಗ ಒಂದು ಟೊಂಗೆ ಹಿಡಿದು ಬಂದ. ಅದು ಅದೇ ಗಿಡ! ಇಡೀ ಜಗತ್ತಿನಲ್ಲಿ ಉಳಿದಿದ್ದ ಒಂದೇ ಒಂದು ಗಿಡ. ಸುದ್ದಿ ಹಬ್ಬಿದೊಡನೆ ಮದ್ದಿಗೆಂದು ಜನ ಅದನ್ನು ಕಡಿಯತೊಡಗಿದ್ದರಿಂದ ಬೇಲಿ ಹಾಕಬೇಕಾಯಿತು. 1986ರಲ್ಲಿ ಅದರ ಕಡ್ಡಿಗಳನ್ನು ವಿಮಾನದಲ್ಲಿ ಕ್ಯೂಗೆ ಕಳುಹಿಸಿದರು. ಒಂದು ಕಡ್ಡಿ ಬೇರುಬಿಟ್ಟಿತು. ಕಡ್ಡಿಯಿಂದ ಕಡ್ಡಿ ಬೆಳೆಸಿದರು. ಹೂ ಬಿಟ್ಟಿತು, ವರ್ಷಗಟ್ಟಲೆ ಬಿಟ್ಟಿತು. ಆದರೆ ಕಾಯಿ ಕಟ್ಟಲಿಲ್ಲ. ಕಾರ್ಲೋಸ್ ಮ್ಯಾಗ್ದಲೀನಾ ಎಂಬ ತೋಟಗಾರರು ಸೋಲೊಪ್ಪದೆ ಮತ್ತೆ ಮತ್ತೆ ಪರಾಗ ಹಚ್ಚಿ, 2003ರಲ್ಲಿ ಮೊದಲ ಬಾರಿ ಬೀಜವಿರುವ ಹಣ್ಣನ್ನು ಪಡೆದರು. ಮುಂದೆ ಆ ಬೀಜಗಳು ರೋಡ್ರಿಗಸ್ ದ್ವೀಪಕ್ಕೆ ಮರಳಿದವು.

ಈ ಕಥೆಯಲ್ಲಿ ಗಾಜಿನ ಮನೆ ಗಿಡದ ಕೊನೆಯ ಊರಾಗಲಿಲ್ಲ, ದಾರಿಯ ಛತ್ರವಾಯಿತು. ಗಿಡ ಉಳಿದದ್ದು ಒಬ್ಬ ಶಿಕ್ಷಕರು ಕೊಟ್ಟ ಮನೆಗೆಲಸದಿಂದ, ಒಬ್ಬ ಹುಡುಗನ ಕಣ್ಣಿನಿಂದ, ಹದಿನೇಳು ವರ್ಷ ಬೇಸರಪಡದೆ ನೀರೆರೆದ ಕೈಗಳಿಂದ.

ಈಗ ಆ ಹಳೆಯ ವಿದ್ಯಾರ್ಥಿಯವರಿಗೆ ನಮ್ಮ ಉತ್ತರ. ತಮ್ಮ ಹೋಲಿಕೆಯನ್ನು ನಾವು ಒಪ್ಪುತ್ತೇವೆ. ಈ ಶಾಲೆ ಗಾಜಿನ ಮನೆಯೇ. ಆದರೆ ಗಾಜಿನ ಮನೆಯ ಗಿಡ ದುರ್ಬಲವೆಂಬ ಮಾತನ್ನು ಒಪ್ಪಲಾರೆವು. ಸಸಿಯನ್ನು ಒಳಗಿನಿಂದ ನೇರವಾಗಿ ಬಿಸಿಲಿಗಿಟ್ಟರೆ ಅದು ಬಾಡುವುದು ನಿಜ. ಬಲ್ಲ ತೋಟಗಾರ ಹಾಗೆ ಮಾಡುವುದಿಲ್ಲ. ಮೊದಲು ದಿನಕ್ಕೆ ಒಂದು ಗಂಟೆ ಹೊರಗೆ, ಆಮೇಲೆ ಎರಡು ಗಂಟೆ, ಆಮೇಲೆ ಒಂದು ಇಡೀ ದಿನ. ಹೀಗೆ ಹದಗೊಳಿಸಿದ ಸಸಿ ಬಯಲಿನ ಬಿಸಿಲು ಗಾಳಿಗಳನ್ನು ತಾಳಿಕೊಳ್ಳುತ್ತದೆ. ತಾವೇ ಅದಕ್ಕೆ ಸಾಕ್ಷಿ. ಲೆಕ್ಕ, ವಿಜ್ಞಾನಗಳ ಮೊದಲ ತಿಳಿವು ತಮಗೆ ಕನ್ನಡದಲ್ಲಾಯಿತು. ಇಂದು ತಾವು ವ್ಯವಹರಿಸುವ ಭಾಷೆಗಳು ನಾಲ್ಕು.

ಹಾಗೆಂದು ತಪ್ಪೆಲ್ಲ ಹೊರಗಿನವರದೆಂದು ಹೇಳಲು ನಾವು ಸಿದ್ಧರಿಲ್ಲ. ಒಂದು ಕಾಲದಲ್ಲಿ ಈ ಶಾಲೆಯ ಅಂಗಳದಲ್ಲಿ ಕೊಂಕಣಿ ಆಡಿದ ಮಕ್ಕಳನ್ನು ಗದರಿಸುತ್ತಿದ್ದೆವು. ಇಂಗ್ಲಿಷನ್ನು ಭಯದಿಂದ ಕಲಿಸಿದೆವು, ಇಲ್ಲವೇ ಅಸಡ್ಡೆಯಿಂದ ಕಲಿಸಿದೆವು. ಕನ್ನಡವನ್ನು ಕಾಪಾಡುತ್ತಿದ್ದೇವೆಂದು ನಂಬಿ ಕಿಟಕಿಗಳನ್ನು ಮುಚ್ಚಿದೆವು. ಹಿತ್ತಲಿನ ಮೊದಲ ಮನೆಯಲ್ಲಿ ಉಷ್ಣಮಾಪಕ ತೋರಿಸಿದ್ದು ನಮ್ಮ ಈ ತಪ್ಪನ್ನೇ. ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದ ಪಾಲಕರನ್ನು ನಾವು ದೂರುವುದಿಲ್ಲ. ಉಸಿರುಗಟ್ಟುವ ಮನೆಯಿಂದ ಗಿಡವನ್ನು ಎತ್ತಿಕೊಂಡು ಹೋಗುವುದು ಹೆತ್ತವರ ಧರ್ಮ. ಬರುವ ವರ್ಷದಿಂದ ಕೊಂಕಣಿಯನ್ನು ಪ್ರೀತಿಯಿಂದ, ಇಂಗ್ಲಿಷನ್ನು ಶ್ರದ್ಧೆಯಿಂದ ಕಲಿಸುವ ವ್ಯವಸ್ಥೆ ಮಾಡುತ್ತಿದ್ದೇವೆ. ಕಿಟಕಿ ತೆರೆದಿರುತ್ತದೆ. ಚಾವಣಿ ಮಾತ್ರ ಕನ್ನಡದ್ದೇ ಆಗಿರುತ್ತದೆ.

ಹೊರಗಿನಿಂದ ಬಂದದ್ದು ಎಂದೆಂದಿಗೂ ಹೊರಗಿನದಾಗಿಯೇ ಉಳಿಯಬೇಕಾಗಿಲ್ಲ. ಬೇಸಗೆಯಲ್ಲಿ ಗೋವೆಯ ಗುಡ್ಡಗಳಿಗೆ ಬಣ್ಣ ಕೊಡುವ ಗೇರುಮರ ಬ್ರೆಜಿಲ್‌ನದು. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ತಂದದ್ದು. ಅನಾನಸು ಎಂಬ ಹಣ್ಣು ತನ್ನ ಹೆಸರಿನೊಡನೆಯೇ ಅವರ ಹಡಗಿನಲ್ಲಿ ಬಂದು ಕನ್ನಡದ ಮಾತಾಯಿತು. ಇಂದು ಗೇರಿಲ್ಲದ ಗೋವೆಯನ್ನು ಯಾರು ಊಹಿಸಬಲ್ಲರು? ಇಲ್ಲಿಯ ರಸ್ತೆ, ಬಂದರು, ಕಟ್ಟಡ, ತೋಟಗಳಲ್ಲಿ ದುಡಿದ ಕನ್ನಡಿಗರ ಮಕ್ಕಳೂ ಈ ನೆಲದಲ್ಲಿ ಬೇರುಬಿಟ್ಟವರೇ.

ಕೊನೆಯದಾಗಿ ಮೂರು ಬಿನ್ನಹಗಳು. ಪಾಲಕರಲ್ಲಿ: ದಿನಕ್ಕೆ ಅರ್ಧ ಗಂಟೆ ಮಗುವಿನೊಡನೆ ಕನ್ನಡದಲ್ಲಿ ಮಾತನಾಡಿರಿ, ಓದಲು ಬಾರದಿದ್ದರೆ ಊರಿನ ಕಥೆ ಹೇಳಿರಿ. ಶಾಲೆ ಹಗಲಿನ ಪಾಳಿ ನೋಡಿಕೊಳ್ಳುತ್ತದೆ, ರಾತ್ರಿಯ ಪಾಳಿ ತಮ್ಮದು. ಹಳೆಯ ವಿದ್ಯಾರ್ಥಿಗಳಲ್ಲಿ: ಹಣಕ್ಕಿಂತ ಹೆಚ್ಚಾಗಿ ತಮ್ಮ ಸಮಯ ಕೊಡಿರಿ, ತಿಂಗಳಿಗೊಂದು ದಿನ ಬಂದು ತಮ್ಮ ವೃತ್ತಿಯ ವಿಷಯವನ್ನು ಮಕ್ಕಳಿಗೆ ಕನ್ನಡದಲ್ಲಿ ತಿಳಿಸಿರಿ. ಶಿಕ್ಷಕ ಮಿತ್ರರಲ್ಲಿ: ಬೆರಳಿಳಿಸಿ ನೋಡಿದ ಮೇಲೆ ನೀರೆರೆಯೋಣ, ಪ್ರತಿ ಮಗುವಿನ ಬಾಯಾರಿಕೆ ಬೇರೆ.

ಈಗ ತಾವು ಒಳಗೆ ಹೋದಾಗ ಬಾಗಿಲ ಬಲಗಡೆಗೆ, ಮಾವಿನ ಕೊರಡಿಗೆ ತೆಂಗಿನ ನಾರಿನಿಂದ ಕಟ್ಟಿದ ಒಂದು ಸೀತಾಳೆ ಕಾಣುತ್ತದೆ. ಎಂಟನೆಯ ತರಗತಿಯಲ್ಲಿದ್ದ ಆ ಹುಡುಗಿ ಈಗ ಹತ್ತರಲ್ಲಿದ್ದಾಳೆ. ಮಳೆಗಾಳಿಗೆ ಬಿದ್ದ ಇನ್ನೊಂದು ಕೊಂಬೆಯಿಂದ ಅದನ್ನು ತಂದು ಕಟ್ಟಿದವಳು ಅವಳೇ. ಈ ಬಾರಿ ಮಣ್ಣು ಹಾಕಿಲ್ಲ. ಹೊಸ ಬೇರೊಂದು ಬೆಳ್ಳಗೆ, ಹಸಿರು ತುದಿಯೊಡನೆ, ಕೊರಡನ್ನು ಹಿಡಿದುಕೊಂಡಿದೆ. ಹೂ ಇನ್ನೂ ಬಿಟ್ಟಿಲ್ಲ. ದಯವಿಟ್ಟು ಯಾರೂ ಮುಟ್ಟಬೇಡಿರಿ, ನೋಡಿ ಬನ್ನಿರಿ.